ಬೀಗವಿಲ್ಲದ ಪ್ರೊಸೆಸರ್

ಸುಟ್ಟ ಮೋಟಾರಿಗೆ ತಂತಿ ಸುತ್ತುವ ಮೇಸ್ತ್ರಿಯ ಕೈಗೆ ಯಾವ ಯಂತ್ರವನ್ನೇ ಕೊಡಿ, ಹೊಸದಿದ್ದಾಗಿನದಕ್ಕಿಂತ ಜೋರಾಗಿ ತಿರುಗುವಂತೆ ಮಾಡಿಕೊಡುತ್ತಿದ್ದ. ಮನೆಯ ಮಿಕ್ಸಿಯ ಮುಚ್ಚಳ ಹಾರಿ ಸೂರಿಗೆ ಬಡಿದದ್ದನ್ನೂ ಅವನು ಯಶಸ್ಸಿನ ಪಟ್ಟಿಗೇ ಸೇರಿಸಿದ್ದ.

ಹೆಂಡತಿ ಮನೆಯಲ್ಲೇ ಕೂತು ಪಾಠದ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವವಳು. ಶನಿವಾರದೊಳಗೆ ಇಪ್ಪತ್ತು ಪಾಠ ಮುಗಿಸಿಕೊಟ್ಟರೆ ಕೆಲಸ ಕಾಯಂ ಎಂದಿತ್ತು ಕಂಪನಿ. ಅವಳ ಕಂಪ್ಯೂಟರೋ, ಒಂದೊಂದು ಪಾಠಕ್ಕೂ ಅರ್ಧ ದಿನ ಮುಲುಗುತ್ತಿತ್ತು.

“ಪ್ರೊಸೆಸರ್ ಬದಲಾಯಿಸಿದ್ರೆ ಆಯ್ತು. ನನಗೆ ಬಿಡು,” ಎಂದು ಮೇಸ್ತ್ರಿ ಮಂಗಳವಾರ ಅಂಗಡಿಗೆ ನಡೆದ.

ಕರವಸ್ತ್ರದಲ್ಲಿ ಸುತ್ತಿ ತಂದ ಹಳೆಯ ಪ್ರೊಸೆಸರನ್ನು ನೋಡಿ ಅಂಗಡಿಯವನು ಒಂದೇ ಬೆಲೆಯ ಎರಡು ಡಬ್ಬಿ ಇಟ್ಟ. “ಇದರಲ್ಲಿ ಆರು ಕೋರು. ಆರು ಆಳಿದ್ದ ಹಾಗೆ. ವೇಗ ಮಾತ್ರ ಕಂಪನಿ ಇಟ್ಟಷ್ಟೇ. ಅದರಲ್ಲಿ ನಾಲ್ಕೇ. ಆದ್ರೆ ಬೀಗ ಇಲ್ಲ, ವೇಗ ನೀವೇ ಏರಿಸ್ಕೋಬಹುದು. ಮದರ್‌ಬೋರ್ಡ್ ಯಾವುದು ಸಾರ್?”

“ಹಸಿರು,” ಎಂದ ಮೇಸ್ತ್ರಿ. “ಬೀಗ ಇಲ್ಲದ್ದೇ ಕೊಡ್ರೀ.”

ಮನೆಯಲ್ಲಿ ಪ್ರೊಸೆಸರ್ ಕೂರಿಸಿ, ಸೆಟ್ಟಿಂಗ್ ತೆರೆದು, ತೋಳು ಮಡಚಿ ಹುಡುಕಿದ. ವೇಗ ಏರಿಸುವ ಸಾಲೇ ಇರಲಿಲ್ಲ. ಅಂಗಡಿಗೆ ಫೋನು ಹಚ್ಚಿದ.

“ಅದಕ್ಕೆ ಪ್ರೊಸೆಸರ್ ಕೂರೋ ಮದರ್‌ಬೋರ್ಡೂ ಒಪ್ಪಬೇಕಲ್ಲ ಸಾರ್. ಅದಕ್ಕೇ ಕೇಳಿದ್ದು.”

ಸಣಕಲು ತಂತಿಗೆ ದೊಡ್ಡ ಮೋಟಾರು ಸಿಕ್ಕಿಸುವವರನ್ನು ಇಪ್ಪತ್ತು ವರ್ಷದಿಂದ ಬೈಯುತ್ತ ಬಂದವನು ಮೇಸ್ತ್ರಿಯೇ. ಫೋನಿಟ್ಟು ಹೆಂಡತಿಯ ಕಡೆ ತಿರುಗಿದ.

“ಹೊಸ ಬೋರ್ಡೇ ಹಾಕಿಬಿಟ್ರೆ?”

“ಅದು ಬಂದು, ಎಲ್ಲ ಬಿಚ್ಚಿ, ನೀವು ಜೋಡಿಸೋ ಹೊತ್ತಿಗೆ ಕೆಲಸ ಇನ್ಯಾರದೋ ಪಾಲು,” ಎಂದಳು ಹೆಂಡತಿ. “ರೀ, ಹೋಗಿ ಆರರದ್ದು ತನ್ನಿ.”

“ಅಂಗಡಿಯವನು ನಗ್ತಾನೆ ಕಣೇ.”

“ಹೊಟ್ಟೆ ತುಂಬ ನಗ್ಲಿ. ಬದಲಾಯಿಸಿ ಕೊಟ್ರೆ ಸಾಕು.”

ಅಂಗಡಿಯವನು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು; “ಪರವಾಗಿಲ್ಲ ಸಾರ್, ಎಲ್ಲರೂ ಮಾಡೋದೇ” ಎಂದು ಸಮಾಧಾನ ಹೇಳಿ ಡಬ್ಬಿ ಬದಲಾಯಿಸಿದ. ಇಷ್ಟು ದಿನ ತಾನು ‘ಎಲ್ಲರೂ’ಗಳ ಸಾಲಿನಲ್ಲಿ ಇರಲಿಲ್ಲವೆಂದು ಮೇಸ್ತ್ರಿ ನಂಬಿದ್ದ.

ಆರು ಆಳುಗಳು ತಕರಾರಿಲ್ಲದೆ ದುಡಿದವು. ಶನಿವಾರ ಮಧ್ಯಾಹ್ನ ಇಪ್ಪತ್ತನೆಯ ಪಾಠ ಹೋಯಿತು; ಸಂಜೆ ಕಂಪನಿಯಿಂದ ಕಾಯಂ ಪತ್ರ ಬಂತು.

ಸುದ್ದಿ ತಿಳಿದ ಪಕ್ಕದ ಮನೆಯ ಕ್ಷೌರಿಕ ಬಾಗಿಲಲ್ಲೇ ವಿಚಾರಿಸಿದ: “ಕಂಪ್ಯೂಟರಿಗೆ ಯಾವ ಪ್ರೊಸೆಸರ್ ಹಾಕಿದ್ರಿ ಮೇಸ್ತ್ರಿ?”

“ಆರರದ್ದು. ನಾಲ್ಕರದ್ದನ್ನೂ ತಂದು, ಹಾಕಿ, ಪರೀಕ್ಷೆ ಮಾಡಿಯೇ ಆರಿಸಿದ್ದು. ಸುಮ್ನೆ ಅಂಗಡಿಯವರ ಮಾತು ನಂಬೋನಲ್ಲ ನಾನು.”

ಒಳಗಿದ್ದ ಹೆಂಡತಿಗೆ ಎಲ್ಲ ಕೇಳಿಸಿತು. ಕೆಲಸ ಕಾಯಂ ಆದವಳ ಔದಾರ್ಯದಿಂದ ಇಬ್ಬರಿಗೂ ಕಾಫಿಗಿಟ್ಟಳು.