ಅಮ್ಮಿಗೆ ನಿದ್ದೆ ಬರಿಸದ ಪುಸ್ತಕ

ನೆದರ್‌ಲ್ಯಾಂಡ್ಸ್‌ನ ಜೂಟರ್‌ಮೀರ್‌ನಲ್ಲಿ ನಮ್ಮ ಮನೆಗೆ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಮಂಗಳವಾರ ಬೆಳಿಗ್ಗೆ ನಾನು ಲೈಬ್ರರಿ ನೋಡಿಕೊಳ್ಳುತ್ತೇನೆ. ಸಂಬಳದ ಕೆಲಸವಲ್ಲ. ನನ್ನ ಮಗ ಅಲ್ಲಿ ಓದುತ್ತಿದ್ದಾಗ, ತಾಯಂದಿರು ಯಾರಾದರೂ ಬಂದರೆ ಒಳ್ಳೆಯದಿತ್ತು ಎಂದು ಟೀಚರ್ ಕೇಳಿದ್ದರು. ಮಗ ಹೈಸ್ಕೂಲಿಗೆ ಹೋದ ಮೇಲೂ ನಾನು ಬಿಡಲಿಲ್ಲ. ಲೈಬ್ರರಿ ಎಂದರೆ ದೊಡ್ಡ ಕೋಣೆಯೇನಲ್ಲ. ತರಗತಿಗಳ ನಡುವಿನ ಅಗಲವಾದ ಕಾರಿಡಾರ್, ಮಕ್ಕಳ ಎದೆಮಟ್ಟದ ಕಪಾಟುಗಳು, ನೆಲಹಾಸು, ಒರಗಿಕೊಳ್ಳಲು ಮೆತ್ತೆಗಳು. ಮಕ್ಕಳು ಆರಿಸಿದ ಪುಸ್ತಕವನ್ನು ಸ್ಕ್ಯಾನ್ ಮಾಡಿಕೊಡಬೇಕು, ತಡವರಿಸುವವರ ಪಕ್ಕ ಕೂತು ಓದಿಸಬೇಕು. ನನ್ನ ಡಚ್ ಉಚ್ಚಾರಣೆ ಇವತ್ತಿಗೂ ಮೈಸೂರಿನದೇ. ಮಕ್ಕಳು ಅದನ್ನು ತಿದ್ದುತ್ತಾರೆ. ತಿದ್ದುವ ಖುಷಿಗೇ ಒಂದು ಪುಟ ಹೆಚ್ಚು ಓದುತ್ತಾರೆ.

ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬ ಹುಡುಗಿ ಆಗ ತಾನೇ ಅಕ್ಷರ ಕೂಡಿಸಿ ಓದಲು ಕಲಿಯುತ್ತಿದ್ದಳು. ಮನೆ ನಮ್ಮ ಕಟ್ಟಡದಲ್ಲೇ, ಮೇಲಿನ ಮಹಡಿಯಲ್ಲಿ. ತುಮಕೂರಿನ ಕಡೆಯವರು. ತಂದೆಗೆ ಹೇಗ್ ನಗರದಲ್ಲಿ ಐಟಿ ಕೆಲಸ. ತಮ್ಮತಮ್ಮಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ತಾಯಿ ನನಗಿಂತ ತುಂಬ ಚಿಕ್ಕವಳು, ಅಕ್ಕ ಎನ್ನುತ್ತಿದ್ದಳು. ಅವಳಿಗೆ ಕ್ಯಾನ್ಸರ್ ಎಂದು ಹಿಂದಿನ ಚಳಿಗಾಲದಲ್ಲಿ ಗೊತ್ತಾಗಿ, ಚಿಕಿತ್ಸೆ ನಡೆದಿತ್ತು.

ಲೈಬ್ರರಿಗೆ ಬಂದರೆ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮೆತ್ತೆಯ ಮೇಲೆ ಮಲಗಿಬಿಡುತ್ತಿದ್ದಳು. ಒಂದು ದಿನ ನಾನು ಏನೂ ಹೇಳದೆ ಬಸವನಹುಳುವಿನ ಚಿತ್ರಗಳಿದ್ದ ಪುಸ್ತಕವೊಂದನ್ನು ಅವಳ ಪಕ್ಕ ತೆರೆದಿಟ್ಟೆ. ಸ್ವಲ್ಪ ಹೊತ್ತಿಗೆ ಪುಟ ತಿರುವಿದ ಸದ್ದು ಕೇಳಿಸಿತು.

“ಮನೆಗೆ ತಗೊಂಡ್ ಹೋಗು” ಎಂದೆ.

“ಯಾರು ಓದ್ತಾರೆ? ಅಮ್ಮಿಗೆ ಡಚ್ ಬರಲ್ಲ.”

“ನೀನೇ ಓದು. ಅಮ್ಮಿ ಕೇಳಿಸ್ಕೊಳ್ಳಲಿ.”

ಅವಳು ತೆಗೆದುಕೊಂಡು ಹೋದಳು. ಆ ವಾರ ಸಾರು ಕೊಡಲು ನಾನು ಮೇಲೆ ಹೋದಾಗ ತಾಯಿ ಸೋಫಾದ ಮೇಲೆ ಮಲಗಿದ್ದಳು, ಮಗಳು ಅವಳ ಹೊಟ್ಟೆಗೆ ಒರಗಿ ಬೆರಳಿಟ್ಟು ಓದುತ್ತಿದ್ದಳು. ಒಂದೊಂದು ಸಾಲಿಗೂ ತಾಯಿ “ಹಂಗಂದ್ರೇನು?” ಎನ್ನುವಳು. ಮಗಳು ದಖನಿಯಲ್ಲಿ ಹೇಳುವಳು, ಅಲ್ಲಿ ಮಾತು ಸಿಗದಿದ್ದರೆ ಕನ್ನಡದಲ್ಲಿ. ತರಗತಿಯಲ್ಲಿ ಬಾಯಿ ತೆರೆಯದವಳು ಇಲ್ಲಿ ಟೀಚರ್ ಆಗಿದ್ದಳು.

ಕೆಲವು ವಾರ ಕಳೆಯಿತು. ಒಂದು ಮಂಗಳವಾರ ಅವಳು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

“ಆಂಟಿ, ಈ ಬುಕ್ ಸಾಯ್.”

ಡಚ್ಚಿನಲ್ಲಿ ‘ಸಾಯ್’ ಎಂದರೆ ಬೇಜಾರು ಹಿಡಿಸುವಂಥದ್ದು. ಇಲ್ಲಿನ ಮಕ್ಕಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ಆದರೂ ಅವಳ ಬಾಯಲ್ಲಿ ಅದು ನನಗೆ ಕನ್ನಡದ ‘ಸಾಯಿ’ ಎಂದೇ ಕೇಳಿಸಿತು.

“ಯಾಕೆ, ಚೆನ್ನಾಗಿಲ್ವಾ?”

“ಅಮ್ಮಿ ಅರ್ಧಕ್ಕೇ ಮಲಗ್ಬಿಟ್ಲು. ಅಮ್ಮಿಗೆ ನಿದ್ದೆ ಬರದೇ ಇರೋ ಪುಸ್ತಕ ಕೊಡಿ.”

ಅಲ್ಲಿಂದಾಚೆ ಅವಳು ಕಪಾಟುಗಳನ್ನು ಶೋಧಿಸತೊಡಗಿದಳು. ಪುಸ್ತಕದ ಬೆನ್ನಿಗೆ ಅಂಟಿಸಿದ ಗುರುತುಗಳಲ್ಲಿ ಪ್ರಾಣಿಗಳದು ಯಾವುದು, ನಗೆಯದು ಯಾವುದು, ಹೆದರಿಸುವ ಕಥೆಗಳದು ಯಾವುದು ಎಂದು ನಾನು ಒಮ್ಮೆ ತೋರಿಸಿದೆ, ಅವಳು ಮರೆಯಲಿಲ್ಲ. ಹಿಂಬದಿಯ ನಾಲ್ಕು ಸಾಲು ಓದಿ, ನಡುವಿನ ಒಂದು ಪುಟ ಓದಿ, ತಲೆಯಾಡಿಸಿ ವಾಪಸ್ ಇಡುವಳು. ಅವಳ ಮಟ್ಟಕ್ಕೆ ಮೀರಿದ್ದನ್ನೂ ಒಯ್ಯುತ್ತಿದ್ದಾಳಲ್ಲ ಎಂದು ಟೀಚರ್ ಒಮ್ಮೆ ಬಂದು ಕೇಳಿದರು. ನಾನು ವಿಷಯ ಹೇಳಿದೆ. ಅವರು “ಬೇಕಾದ್ದು ಒಯ್ಯಲಿ” ಎಂದು ಹೋದರು.

ನಗೆಹನಿಗಳ ಪುಸ್ತಕ ಒಯ್ದ ಮರುದಿನ ಹುಡುಗಿ ಮೆಟ್ಟಿಲಲ್ಲಿ ಸಿಕ್ಕಿ, “ಅಮ್ಮಿ ಕೊನೇವರೆಗೂ ಎದ್ದಿದ್ಲು, ನಕ್ಕಳು” ಎಂದಳು. ಸಂಜೆ ಅವಳ ತಾಯಿಯನ್ನು ನೋಡಲು ಹೋದೆ.

“ಅಕ್ಕ, ಒಂದು ಜೋಕೂ ಅರ್ಥ ಆಗ್ಲಿಲ್ಲ. ಅವಳು ನಗೋದು ನೋಡಿ ನಕ್ಕೆ” ಎಂದಳು. ಆಮೇಲೆ ದನಿ ತಗ್ಗಿಸಿ, “ಕಣ್ಣು ಬಿಡೋಕೇ ಆಗ್ತಿರ್ಲಿಲ್ಲ. ಕೆನ್ನೆ ಒಳಗೆ ಕಚ್ಕೊಂಡು ಎಚ್ಚರ ಇದ್ದೆ” ಎಂದಳು.

“ಮಾತ್ರೆಯಿಂದ ನಿದ್ದೆ ಬರತ್ತೆ ಅಂತ ಅವಳಿಗೆ ಹೇಳ್ಬಾರ್ದಾ?”

“ಹೇಳ್ದೆ ಅಕ್ಕ. ಹೂಂ ಅಂತಾಳೆ. ಮತ್ತೆ ಬೇರೆ ಪುಸ್ತಕ ತರ್ತಾಳೆ. ತರ್ಲಿ ಬಿಡಿ, ಓದೋದಾದ್ರೂ ಕಲೀತಾಳಲ್ಲ.”

ಚಿಕಿತ್ಸೆಯಿಂದ ಇನ್ನು ಫಲವಿಲ್ಲವೆಂದು ವೈದ್ಯರು ನಿಲ್ಲಿಸಿದರು. ಮನೆಯ ಹಾಲಿಗೇ ಆಸ್ಪತ್ರೆಯ ಮಂಚ ಬಂತು. ತುಮಕೂರಿನಿಂದ ಹುಡುಗಿಯ ಅಜ್ಜಿ, ತಂದೆಯ ತಾಯಿ, ಬಂದರು. ಹುಡುಗಿ ಮಾತ್ರ ಪುಸ್ತಕ ಒಯ್ಯುವುದನ್ನು ತಪ್ಪಿಸಲಿಲ್ಲ.

ಅವಳು ದೆವ್ವದ ಕಥೆಯ ಪುಸ್ತಕ ಆರಿಸಿದ ದಿನ, ಇನ್ನೂ ಮೇಜಿನ ಬಳಿಯೇ ನಿಂತಿದ್ದಾಗ, ಅವಳ ತಂದೆಯ ಫೋನ್ ಬಂತು. “ಅಕ್ಕ, ಮಗೂನ ಕರ್ಕೊಂಡ್ ಬರ್ತೀರಾ?” ಎಂದಷ್ಟೇ ಕೇಳಿದರು. ಟೀಚರ್‌ಗೆ ಹೇಳಿ ಹೊರಟೆ. ದಾರಿಯುದ್ದಕ್ಕೂ ಅವಳು ದೆವ್ವ ಎಲ್ಲಿ ಬಚ್ಚಿಟ್ಟುಕೊಂಡಿರಬಹುದು ಎಂದು ಹೇಳುತ್ತಲೇ ಇದ್ದಳು. ನಾನು ಅವಳ ಕೈ ಬಿಡಲಿಲ್ಲ. ಬಾಗಿಲಲ್ಲಿ ಅಜ್ಜಿ ಅವಳನ್ನು ಎತ್ತಿಕೊಂಡರು. ಪುಸ್ತಕ ಇಬ್ಬರ ನಡುವೆ ಸಿಕ್ಕಿಕೊಂಡಿತ್ತು.

ತಾಯಿಯನ್ನು ತುಮಕೂರಿಗೆ ಒಯ್ದು ಮಣ್ಣು ಮಾಡಿದರು. ಇಲ್ಲಿ ಕೆಲಸವಿದ್ದುದರಿಂದ ತಂದೆ, ಮಗಳು ಮತ್ತು ಅಜ್ಜಿಯನ್ನು ಕರೆದುಕೊಂಡು ವಾಪಸ್ ಬಂದರು. ಮತ್ತೆ ಮಂಗಳವಾರ ಹುಡುಗಿ ತರಗತಿಯ ಸಾಲಿನಲ್ಲಿ ಲೈಬ್ರರಿಗೆ ಬಂದಳು. ಕೈಯನ್ನು ಜಾಕೆಟ್ಟಿನ ಜೇಬಿನಿಂದ ತೆಗೆಯಲಿಲ್ಲ. ಕಪಾಟಿನ ಹತ್ತಿರ ಹೋಗಲೂ ಇಲ್ಲ. ನನ್ನ ಕುರ್ಚಿಯ ಪಕ್ಕ ನಿಂತಿದ್ದಳು, ಪುಸ್ತಕ ತಗೋ ಎಂದು ನಾನು ಒತ್ತಾಯಿಸಲಿಲ್ಲ. ಹಾಗೆಯೇ ಹಲವು ವಾರ. ಒಂದು ದಿನ ತಾನಾಗಿ ಕೇಳಿದಳು:

“ದೆವ್ವದ ಬುಕ್ ಮೊದಲೇ ತಗೊಂಡಿದ್ರೆ ಅಮ್ಮಿ ಎದ್ದಿರ್ತಿದ್ಲಾ?”

ಉಳಿದ ಮಕ್ಕಳು ನೆಲಹಾಸಿನ ಮೇಲೆ ಗಲಾಟೆ ಮಾಡುತ್ತಿದ್ದರು. ಅವಳನ್ನು ಹತ್ತಿರಕ್ಕೆಳೆದುಕೊಂಡೆ.

“ಇಲ್ಲ ಕಂದಾ. ಅಮ್ಮಿಗೆ ಕಾಯಿಲೆ ಜೋರಿತ್ತು. ಅದನ್ನ ತಡೆಯೋ ಪುಸ್ತಕ ಇಲ್ಲಿಲ್ಲ, ಎಲ್ಲೂ ಇಲ್ಲ. ನೀನು ಓದಿದ್ದೆಲ್ಲಾ ಚೆನ್ನಾಗೇ ಇತ್ತು. ಅಮ್ಮಿಗೆ ನೀನು ಓದೋದು ತುಂಬಾ ಇಷ್ಟ ಇತ್ತು, ನನ್ ಹತ್ರ ಹೇಳಿದ್ಲು.”

“ಮತ್ತೆ ಯಾಕೆ ಮಲಗ್ತಿದ್ಲು?”

“ಮಾತ್ರೆ ಹಂಗ್ ಮಾಡ್ತಿತ್ತು.”

ಹೂಂ ಎಂದಳು. ಅವಳ ತಾಯಿ ಹೇಳಿದ್ದ ಅದೇ ಹೂಂ. ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಬೇಸಿಗೆ ರಜೆಗೆ ಅವರು ಊರಿಗೆ ಹೊರಟರು, ಮತ್ತೆ ಬರಲಿಲ್ಲ. ಅಜ್ಜಿಗೆ ಇಲ್ಲಿನ ಚಳಿ ತಡೆಯಲಾಗಲಿಲ್ಲ, ಮಗುವನ್ನು ಒಬ್ಬರೇ ನೋಡಿಕೊಂಡು ಆಫೀಸಿಗೆ ಹೋಗುವುದು ತಂದೆಗೆ ಆಗಲಿಲ್ಲ. ಹುಡುಗಿ ಈಗ ತುಮಕೂರಿನ ಶಾಲೆಯಲ್ಲಿದ್ದಾಳೆ. ಈಚೆಗೆ ಫೋನಿನಲ್ಲಿ ನಾನು ಅವಳ ತಂದೆಯನ್ನು ಕೇಳಿದೆ: “ಪುಸ್ತಕ ಓದ್ತಾಳಾ?”

“ಸ್ಕೂಲಿಂದು ಓದ್ತಾಳೆ ಅಕ್ಕ, ಮಾರ್ಕ್ಸೂ ಬರತ್ತೆ. ಕಥೆ ಪುಸ್ತಕ ತಂದ್ಕೊಟ್ರೆ ಥ್ಯಾಂಕ್ಸ್ ಅಂತಾಳೆ, ಎತ್ತಿಡ್ತಾಳೆ. ಬಲವಂತ ಮಾಡಲ್ಲ ನಾನು.”

ಫೋನನ್ನು ಅವಳ ಕೈಗೆ ಕೊಟ್ಟರು. ನಾನು ಡಚ್ಚಿನಲ್ಲಿ ಹೇಗಿದ್ದೀಯ ಎಂದೆ. ಅವಳು ಕನ್ನಡದಲ್ಲಿ, “ಚೆನ್ನಾಗಿದೀನಿ ಆಂಟಿ” ಎಂದಳು. ದನಿ ಬೆಳೆದಿತ್ತು.

“ಅಲ್ಲಿ ಮಳೆನಾ?” ಎಂದು ಕೇಳಿದಳು.

“ಹೂಂ, ಬೆಳಿಗ್ಗೆಯಿಂದ.”

“ಇಲ್ಲಿ ಬಿಸಿಲು” ಎಂದಳು. ಮಾತು ಅಲ್ಲಿಗೆ ಮುಗಿಯಿತು, ಆದರೆ ಅವಳು ಫೋನ್ ಇಡಲಿಲ್ಲ.