ಪಾಳಿಯ ಜೀಪು

ಇವತ್ತು ಹುಣ್ಣಿಮೆ. ಬೆಳಿಗ್ಗೆ ಎದ್ದವನೇ ಬಾಗಿಲ ಪಕ್ಕದ ಮೊಳೆ ನೋಡಿದೆ. ಖಾಲಿ. ಚಹಾ ಕುಡಿದು ಮತ್ತೆ ನೋಡಿದೆ. ಗೋಡೆಯ ಮೊಳೆಯನ್ನು ಹೀಗೆ ಪದೇ ಪದೇ ನೋಡುವವನನ್ನು ಕಂಡು ನೀವು ನಗಬಹುದು. ಆದರೆ ಇಷ್ಟೊತ್ತಿಗೆ ಅಲ್ಲೊಂದು ಕೀಲಿ ತೂಗಬೇಕಿತ್ತು. ಕಸ ಹೊಡೆಯುತ್ತಿದ್ದ ನನ್ನ ಹೆಂಡತಿ ನನ್ನ ಕಣ್ಣು ಹೋದ ಕಡೆ ತಾನೂ ನೋಡಿ, "ರೊಕ್ಕ ಕೊಡೂವಾಗ ಅರ್ಧಾ ನಮ್ದು. ಕೀಲಿ ಅಷ್ಟ ಪೂರಾ ನಿಮ್ಮಣ್ಣಂದಾ?" ಎಂದಳು. ಅದೇ ಮಾತು ನನ್ನ ತಲೆಯಲ್ಲೂ ಓಡುತ್ತಿತ್ತು.

ಕೀಲಿ ನಮ್ಮ ಅಪ್ಪನ ಹಳೆಯ ಡೀಸೆಲ್ ಜೀಪಿನದು. ಭತ್ತದ ನಾಟಿಗೆ ಹೆಣ್ಣಾಳುಗಳು, ಗೊಬ್ಬರದ ಚೀಲ, ಓಣಿಯ ಬಾಣಂತಿಯರು, ಮದುವೆಯ ದೊಡ್ಡ ಪಾತ್ರೆಗಳು, ಎಲ್ಲವೂ ಅದರಲ್ಲೇ ಹೋಗಿ ಬಂದಿವೆ. ಸಣ್ಣವರಿದ್ದಾಗ ನನಗೂ ಅಣ್ಣನಿಗೂ ಅಪ್ಪನ ಪಕ್ಕದ ಸೀಟಿಗಾಗಿ ದಿನವೂ ಜಗಳ. ಅಪ್ಪ ನ್ಯಾಯ ಮಾಡಲು ಹೋಗದೆ ಇಬ್ಬರನ್ನೂ ಒಂದೇ ಸೀಟಿನಲ್ಲಿ ತುರುಕುತ್ತಿದ್ದ. ಗಾಳಿ ಬರುವ ಕಡೆ ಅಣ್ಣ, ಗೇರಿನ ದಂಡದ ಕಡೆ ನಾನು. ಗೇರು ಬದಲಿಸಿದಾಗಲೆಲ್ಲ ಅದು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. "ಮೊಣಕಾಲು ತೆಗಿಯೋ" ಎಂದು ಅಪ್ಪ ನಮ್ಮೂರು ಸಿದ್ದಾಪುರದಿಂದ ಗಂಗಾವತಿ ಮುಟ್ಟುವ ತನಕ ಹೇಳುತ್ತಲೇ ಇರುತ್ತಿದ್ದ. ತೆಗೆದು ಎಲ್ಲಿಡಬೇಕೆಂದು ಮಾತ್ರ ಹೇಳುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಹಿರಿಯರು ಕೂತು ಪಾಲು ಮಾಡಿದರು. ಜಗಳವೇನೂ ಆಗಲಿಲ್ಲ. ಹೊಲಕ್ಕೆ ಚೀಟಿ ಹಾಕಿದರು. ಕಾಲುವೆಗೆ ಹತ್ತಿರದ ಗದ್ದೆಗಳು ಅಣ್ಣನಿಗೆ ಹೋದವು, ನೀರು ತಡವಾಗಿ ಮುಟ್ಟುವ ಕೆಳಗಿನ ಗದ್ದೆಗಳು ನನಗೆ ಬಂದವು. ಚೀಟಿ ಎತ್ತಿದವನು ನಾನೇ. ಆದರೂ ಸಿಟ್ಟು ಬಂದದ್ದು ಅಣ್ಣನ ಮೇಲೆ. ನನ್ನ ಕೈಯ ಮೇಲೆ ಸಿಟ್ಟಾಗಿ ಎಷ್ಟು ದಿನ ಇರಲಿಕ್ಕಾದೀತು ಹೇಳಿ? ಬಿಂದಿಗೆ, ಹಂಡೆ, ಎಮ್ಮೆ ಎಲ್ಲ ಹಂಚಿದ ಮೇಲೆ ಅಂಗಳದಲ್ಲಿ ಜೀಪು ಉಳಿಯಿತು. ನಮ್ಮ ಸೋದರಮಾವ ಅದನ್ನೊಂದು ಸುತ್ತು ಹಾಕಿ ಬಂದು ಹೇಳಿದ: "ಇದನ್ನೇನ್ ಕೊಯ್ಯಾಕ ಬರತೈತೇನಪಾ? ನೀರಿಗಿ ಪಾಳಿ ಇಲ್ಲೇನು, ಹಂಗ ಇದಕ್ಕೂ ಪಾಳಿ ಇರ್ಲಿ."

ಹೀಗೆ ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ಜೀಪು ಅಣ್ಣನದಾಯಿತು, ಹುಣ್ಣಿಮೆಯಿಂದ ಅಮಾವಾಸ್ಯೆವರೆಗೆ ನನ್ನದು. ಪಾಳಿ ಮುಗಿದವನು ಜೀಪು ತೊಳೆದು ತಂದು ನಿಲ್ಲಿಸಿ, ಇನ್ನೊಬ್ಬನ ಮನೆಯ ಮೊಳೆಗೆ ಕೀಲಿ ಹಾಕಬೇಕು. ಪಾಳಿ ಹಿಡಿದವನು ಪೂಜೆ ಮಾಡಿ, ಗಾಲಿಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆಯಬೇಕು. ಬೇರೆಯವರ ಗಾಡಿಗಳಿಗೆ ಅಮಾವಾಸ್ಯೆಗೆ ಒಂದೇ ಪೂಜೆ. ನಮ್ಮದಕ್ಕೆ ಹುಣ್ಣಿಮೆಗೂ ಒಂದು. ಇಷ್ಟು ಕಾಯಿ ತಿಂದ ಜೀಪು ಈ ಸೀಮೆಯಲ್ಲಿ ಬೇರೆ ಇರಲಿಕ್ಕಿಲ್ಲ.

ನಮ್ಮ ನಡುವೆ ಉಳಿದ ಮಾತೂ ಆ ಕೀಲಿಯ ಜೊತೆ ಬರುವ ಮಾತಷ್ಟೇ. "ಡೀಸೆಲ್ ಐತಿ." "ಬ್ರೇಕ್ ಸ್ವಲ್ಪ ನೋಡ್ಕೋ." "ಹೂಂ." ಕೀಲಿ ಕೊಡಲು ಬಂದವನು ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ಒಳಗಿನವರನ್ನು ಆರಾಮೇನು ಎಂದು ಕೇಳಿ ಹೋಗುತ್ತಿದ್ದ. ತಿಂಗಳಿಗೊಮ್ಮೆ ಅವನು ನಮ್ಮ ಮನೆಗೆ, ಒಮ್ಮೆ ನಾನು ಅವನ ಮನೆಗೆ. ಅದಕ್ಕಿಂತ ಹೆಚ್ಚಿಗೆ ಏನೂ ಇರಲಿಲ್ಲ. ಅಷ್ಟು ಇತ್ತು ಎಂಬುದೂ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಈ ಸಲ ಸುಗ್ಗಿ ಮುಗಿದ ಮೇಲೆ, ನನ್ನ ಪಾಳಿಯಲ್ಲೇ, ಗಂಗಾವತಿಯಿಂದ ಬರುವಾಗ ಇಂಜಿನ್ ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಸದ್ದಾಯಿತು. ಕಪ್ಪು ಹೊಗೆ ಬಂತು. ಒಂದು ಅಕ್ಕಿ ಗಿರಣಿಯ ಮುಂದೆ ಜೀಪು ನಿಂತುಬಿಟ್ಟಿತು. ಟ್ರ್ಯಾಕ್ಟರಿಗೆ ಕಟ್ಟಿ ಮತ್ತೆ ಗಂಗಾವತಿಗೆ, ಹುಸೇನಸಾಬ್ ಮೇಸ್ತ್ರಿಯ ಗ್ಯಾರೇಜಿಗೆ ಎಳೆಸಿದೆ. ಅಪ್ಪನ ಕಾಲದಿಂದ ಜೀಪಿನ ದೊಡ್ಡ ಕೆಲಸವೆಲ್ಲ ಅವರದೇ. ಇಂಜಿನ್ ಬಿಚ್ಚಿ ನೋಡಿದ ಮೇಲೆ ಫೋನ್ ಮಾಡಿ, "ಇಬ್ಬರೂ ಬರ್ರಿ. ಒಬ್ಬರಿಗೆ ಹೇಳೂವಂಥಾದ್ದಲ್ಲ" ಎಂದರು.

ಜೀಪಿಲ್ಲದ್ದರಿಂದ ಬಸ್ಸಿಗೆ ಹೋದೆವು. ಒಂದೇ ಸೀಟಿನಲ್ಲಿ ಕೂತೆವು. ನಾನು ದಾರಿಯುದ್ದಕ್ಕೂ ಅಂದಾಜಿನ ಮೇಲೆ ಲೆಕ್ಕ ಹಾಕುತ್ತಿದ್ದೆ. ಸಿಲಿಂಡರ್ ಬೋರ್ ಮಾಡಿಸಬೇಕು, ಹೊಸ ಪಿಸ್ಟನ್ ಹಾಕಿಸಬೇಕು, ಕ್ರ್ಯಾಂಕ್ ಲೇತಿಗೆ ಕೊಡಬೇಕು, ಮೇಲೆ ಮೇಸ್ತ್ರಿಯ ಕೂಲಿ. ಎಲ್ಲ ಕೂಡಿಸಿದರೆ, ಓಡುವ ಸ್ಥಿತಿಯಲ್ಲಿ ಮಾರಿದರೂ ಜೀಪಿಗೆ ಬಾರದಷ್ಟು ಖರ್ಚು. ಬೇರೆ ಗಾಡಿಯ ಹಳೆಯ ಇಂಜಿನ್ ತಂದು ಕೂಡಿಸಿದರೆ ಅಗ್ಗ, ಆದರೆ ಅದು ಯಾರ ಮನೆಯಲ್ಲಿ ಹೇಗೆ ಓಡಿತ್ತೋ ಬಲ್ಲವರಿಲ್ಲ. ಇಷ್ಟೆಲ್ಲ ಮಾಡಿದರೂ ಹಳೆಯ ಗಾಡಿಯ ಕಾಗದಪತ್ರಕ್ಕೆ ಮತ್ತೆ ತಿರುಗಾಟ. ಗುಜರಿಗೆ ಹಾಕುವುದೇ ಜಾಣತನ. ಆ ಮಾತನ್ನು ಅಣ್ಣನಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡೇ ಬಸ್ಸಿಳಿದೆ.

ಹುಸೇನಸಾಬ್ ಇಂಜಿನ್ನಿನ ಕೆಳಗಿನ ತೊಟ್ಟಿ ಬಿಚ್ಚಿಟ್ಟಿದ್ದರು. ತಳದಲ್ಲಿ ಕಪ್ಪನೆಯ ರಾಡಿ, ಬೆಲ್ಲದ ಪಾಕದಷ್ಟು ಮಂದ. ಆಯಿಲ್ ಹೋಗುವ ದಾರಿಯೆಲ್ಲ ಕಟ್ಟಿಕೊಂಡಿತ್ತು.

"ಹಳೇ ಆಯಿಲ್ ಯಾರು ತೆಗಸ್ತಿದ್ರಿ?" ಎಂದು ಕೇಳಿದರು.

ನಾನು ಅಣ್ಣನ ಮುಖ ನೋಡಿದೆ. ಅಣ್ಣ ನನ್ನ ಮುಖ ನೋಡಿದ.

"ನೀ ತೆಗಸ್ತಿದ್ದಿಲ್ಲೇನು?" ಎಂದೆ ನಾನು.

"ನಾ ಕಡಿಮಿ ಬಿದ್ದಾಗ ಹಾಕತಿದ್ದೆ. ತೆಗಸಾಂವ ನೀ ಅಂತ ತಿಳಕೊಂಡಿದ್ದೆ."

"ನಾನೂ ಹಾಕತಿದ್ದೆ."

ಇಬ್ಬರೂ ತಪ್ಪದೆ ಸುರಿದದ್ದೇ ಸುರಿದದ್ದು. ಹಳೆಯದನ್ನು ತೆಗೆಸುವುದು ಇನ್ನೊಬ್ಬನ ಪಾಳಿಯ ಕೆಲಸವೆಂದು ಇಬ್ಬರೂ ಕೈಬಿಟ್ಟಿದ್ದೆವು. ತೆಗೆಸಿದೆಯಾ ಎಂದು ಕೇಳಲು ಒಂದು ಮಾತು ಹೆಚ್ಚಿಗೆ ಆಡಬೇಕಿತ್ತು. ಹುಸೇನಸಾಬ್ ತಲೆ ಕೆರೆದುಕೊಂಡು, "ಕಾಯಿ ಮಾತ್ರ ಇಬ್ಬರೂ ಒಡದೀರಿ" ಎಂದರು. ಅಣ್ಣ ನಕ್ಕ. ಅವನು ನಕ್ಕದ್ದು ನೋಡಿ ನನಗೂ ನಗು ಬಂತು.

ಖರ್ಚು ಕೇಳಿದ ಮೇಲೆ ಆ ನಗು ನಿಂತಿತು. ಅಣ್ಣ ಕೈ ಒರೆಸಿಕೊಂಡು, "ಗುಜರಿಗಿ ಹಾಕಿಬಿಡೂಣು ತಮ್ಮಾ. ಬಂದದ್ದರಾಗ ಅರ್ಧ ಅರ್ಧ" ಎಂದ. ನಾನು ಬಸ್ಸಿನಲ್ಲಿ ಸಿದ್ಧಮಾಡಿಕೊಂಡು ಬಂದ ಮಾತೇ ಅದು. ಆದರೆ ಅವನ ಬಾಯಿಂದ ಬಂದಾಗ ಅದು ಬೇರೆಯೇ ಮಾತಾಗಿ ಕೇಳಿಸಿತು. ಜೀಪು ಹೋದರೆ ಅಣ್ಣ ನಮ್ಮ ಹೊಸ್ತಿಲಿಗೆ ಇನ್ನು ಯಾಕೆ ಬರುತ್ತಾನೆ? ನಾನಾದರೂ ಅವನ ಮನೆಗೆ ಯಾವ ನೆಪ ಹಿಡಿದು ಹೋಗಲಿ? ಅರ್ಧ ಅರ್ಧವಾಗಿಬಿಟ್ಟರೆ ನಮ್ಮಿಬ್ಬರದು ಎನ್ನುವಂಥದ್ದು ಒಂದೂ ಉಳಿಯುವುದಿಲ್ಲ. ನನಗೆ ನಿಜವಾಗಿ ಭಯವಾಯಿತು.

"ಮಾಡಸೂಣು ಅಣ್ಣಾ" ಎಂದೆ.

"ಲೆಕ್ಕಕ್ಕ ಬರಂಗಿಲ್ಲಲ್ಲೋ."

"ಬರಂಗಿಲ್ಲ. ಆದ್ರೂ ಮಾಡಸೂಣು."

ಅಣ್ಣ ಬಗ್ಗಿ ಇಂಜಿನ್ನಿನೊಳಗೆ ಇಣುಕಿದ. ನನ್ನ ಕಡೆ ತಿರುಗದೆ ಹುಸೇನಸಾಬರಿಗೆ ಕೇಳಿದ: "ಎಷ್ಟು ವರ್ಷ ಓಡತೈತ್ರಿ?"

"ಆಯಿಲ್ ಬದಲಿ ಮಾಡಸಿದ್ರ, ನಿಮಗಿಬ್ಬರಿಗೂ ವಯಸ್ಸಾಗಿ ಓಡಸಾಕ ಆಗದಂಗ ಆಗೂತನಕ ಓಡತೈತ್ರಿ."

"ಹಂಗಾರ ಮಾಡ್ರಿ" ಎಂದ ಅಣ್ಣ.

ನನ್ನ ಅರ್ಧ ನಾನು ಕೊಟ್ಟೆ. ಜೀಪು ತಯಾರಾದಾಗ ಅಮಾವಾಸ್ಯೆ ಬಂದಿತ್ತು, ಇನ್ನು ಅವನ ಪಾಳಿ. ಅವನೇ ಹೋಗಿ ತಂದ. ಅದಾದ ಮೇಲೆ ಇದು ಮೊದಲ ಹುಣ್ಣಿಮೆ, ಮೊಳೆ ಖಾಲಿ. ಬಿಸಿಲು ಅಂಗಳಕ್ಕೆ ಇಳಿಯಿತು. ರೊಕ್ಕವೂ ಹೋಯಿತು, ಕೀಲಿಯೂ ಹೋಯಿತು, ಗುಜರಿಗೆ ಹಾಕಿದ್ದರೆ ಮುಖ ಕೆಡದೆಯಾದರೂ ಮುಗಿಯುತ್ತಿತ್ತು ಎಂದುಕೊಳ್ಳುತ್ತ ಕೂತಿದ್ದೆ.

ಆಗ ಹೊರಗೆ ಹಾರ್ನ್ ಕೇಳಿಸಿತು. ಇಂಜಿನ್ ಸದ್ದು ಎಷ್ಟು ಮೆತ್ತಗಾಗಿತ್ತೆಂದರೆ ನಮ್ಮ ಜೀಪೆಂದು ತಿಳಿಯಲೇ ಇಲ್ಲ. ಅಣ್ಣ ಸ್ಟೇರಿಂಗ್ ಮೇಲೆ ಕೈಯಿಟ್ಟು ಕೂತಿದ್ದ.

"ಮೊದಲನೇ ಆಯಿಲ್ ತೆಗಿಯೂತನಕ ಒಂದ ಕೈಯಾಗ ಓಡ್ಲಿ ಅಂದಾರ ಮೇಸ್ತ್ರಿ. ಅದಕ್ಕ ಕೀಲಿ ತಂದು ಹಾಕ್ಲಿಲ್ಲ."

"ಒಂದ ಮಾತು ಹೇಳಬಾರದಾಗಿತ್ತಾ?"

"ಹೇಳಾಕ ಬಂದೀನಲ್ಲ. ಇವತ್ತ ಆಯಿಲ್ ತೆಗಸೂದೈತಿ, ಜೀಪ್ ಹತ್ತು. ಇಬ್ಬರೂ ನಿಂತು ನೋಡೂಣು. ಮತ್ತ ನೀ ತೆಗಸ್ತಿ ಅಂತ ನಾ, ನಾ ತೆಗಸ್ತೀನಿ ಅಂತ ನೀ ಬ್ಯಾಡ."

ಅಂಗಿ ಹಾಕಿಕೊಂಡು ಹೊರಬರುವಷ್ಟರಲ್ಲಿ ನನ್ನ ಹೆಂಡತಿ ಕಾಯಿ, ನಿಂಬೆಹಣ್ಣು, ಕುಂಕುಮ ಹಿಡಿದು ನಿಂತಿದ್ದಳು. ಅಷ್ಟೆಲ್ಲ ಗೊಣಗಿದವಳು ಅವನ್ನು ಯಾವಾಗ ತೆಗೆದಿಟ್ಟಿದ್ದಳೋ. ಕಾಯಿ ಒಡೆಯುವವರು ಯಾರೆಂದು ಅವಳು ಇಬ್ಬರ ಮುಖವನ್ನೂ ನೋಡಿದಾಗ ಅಣ್ಣ, "ಹುಣ್ಣಿಮಿ ಅವಂದು" ಎಂದ. ಒಡೆದೆ.

ಪಕ್ಕದ ಸೀಟಿಗೆ ಹತ್ತಿ ಕೂತೆ. ಪಾಳಿ ಮಾಡಿಕೊಂಡ ದಿನದಿಂದ ಆ ಜೀಪು ನಮ್ಮಿಬ್ಬರದೂ ಆಗಿತ್ತು. ಅಂದಿನಿಂದ ಇಬ್ಬರೂ ಒಟ್ಟಿಗೆ ಅದರಲ್ಲಿ ಕೂತದ್ದು ಇವತ್ತೇ ಮೊದಲು. ಊರು ದಾಟಿ ಮುಖ್ಯ ರಸ್ತೆಗೆ ಬಂದಾಗ ಅಣ್ಣ ಗೇರಿನ ದಂಡಕ್ಕೆ ಕೈ ಹಾಕಿ, ನನ್ನ ಕಡೆ ನೋಡದೆಯೇ, "ಮೊಣಕಾಲು ತೆಗಿಯೋ" ಎಂದ.

ಸೀಟಿನ ತುಂಬ ನಾನೊಬ್ಬನೇ, ನನ್ನ ಮೊಣಕಾಲು ಗೇರಿನ ಹತ್ತಿರ ಇರಲೇ ಇಲ್ಲ. ಆದರೂ ತೆಗೆದೆ.