ನೌಕರಿ ಇಲ್ಲವೆಂದು ಸಾಕ್ಷಿ ಹೇಳುವವರು ಬೇಕಾಗಿದ್ದಾರೆ

ಡಿಗ್ರಿ ಮುಗಿಸಿ ಕೂತಿದ್ದ ಆ ದಿನಗಳಲ್ಲಿ ನಾನು ತಿಂಗಳಿಗೊಮ್ಮೆ ಗೋಕಾಕಿನ ಕಂಪ್ಯೂಟರ್ ಸೆಂಟರಿಗೆ ಹೋಗಿ, ‘ನನಗೆ ಇನ್ನೂ ನೌಕರಿ ಸಿಕ್ಕಿಲ್ಲ’ ಎಂದು ಸರಕಾರಕ್ಕೆ ಘೋಷಣೆ ಕೊಟ್ಟು ಬರುತ್ತಿದ್ದೆ. ಕೊಟ್ಟರೆ ಮಾತ್ರ ನಿರುದ್ಯೋಗ ಭತ್ಯೆ. ಅತ್ತ ಮೂಡಲಗಿಯ ನಮ್ಮ ಓಣಿಯಲ್ಲಿ ಅವ್ವ, “ನಮ್ಮ ಹುಡುಗಿಗೆ ಹುಕ್ಕೇರ್ಯಾಗ ನೌಕರಿ ಹತ್ತೈತ್ರಿ” ಎಂದು ಸಾರುತ್ತಿದ್ದಳು.

ಅವ್ವನ ಸುಳ್ಳಿಗೂ ಕಾರಣವಿತ್ತು. ಬಾಜೂಮನೆ ಕಾಕು ದಿನಾ ನಮ್ಮ ಕಟ್ಟೆಗೆ ಬಂದು ಕೂತು, “ಮಗಳು ಮನ್ಯಾಗ ಕುಂತಾಳಲ್ಲ, ಒಂದ್ ವರಾ ನೋಡ್ಲೇನ?” ಎನ್ನುತ್ತಿದ್ದಳು. ನೌಕರಿ ಹತ್ತಿದೆ ಎಂದಮೇಲೆ ಆ ಬಾಯಿ ಮುಚ್ಚಿತು. ಮದುವೆ ನನಗೂ ಬೇಡವಾಗಿತ್ತು. ಹಾಗಾಗಿ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆ, ಕಂಡ ಕಂಡ ಶಾಲೆಯಲ್ಲಿ ಕೆಲಸ ಕೇಳುತ್ತಿದ್ದೆ, ಸಂಜೆ ನೌಕರಿಯವಳ ಗತ್ತಿನಲ್ಲೇ ಓಣಿಗೆ ಇಳಿಯುತ್ತಿದ್ದೆ.

ಅವ್ವನ ಹೊಲಿಗೆ ಯಂತ್ರದಿಂದ ಮನೆಯಷ್ಟೇ ನಡೆಯುತ್ತಿತ್ತು. ನನ್ನ ಪರೀಕ್ಷೆಗಳ ಫೀಸು ಭತ್ಯೆಯದೇ. ಭತ್ಯೆ ನಿಂತರೆ ಫೀಸೂ ನಿಂತಂತೆ. ಫೀಸು ನಿಂತರೆ ಕಾಕು ತಂದ ವರನ ಮುಂದೆ ನಾನು ಅವಲಕ್ಕಿ ತಟ್ಟೆ ಹಿಡಿಯಬೇಕು.

ಅದಕ್ಕೇ ದಾಖಲೆ ಇಡುವುದರಲ್ಲಿ ನಾನು ಪಕ್ಕಾ ಇದ್ದೆ. ನೋಟಬುಕ್ಕಿನಲ್ಲಿ ತಾರೀಖು, ಶಾಲೆ, ಯಾರನ್ನು ಕಂಡೆ, ಏನೆಂದರು, ಎಲ್ಲ ಬರೆದು, ಪಕ್ಕದಲ್ಲಿ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಬಸ್ ಟಿಕೀಟು ಅಂಟಿಸುತ್ತಿದ್ದೆ. ಆ ಹಾಳಾದ ಟಿಕೀಟಿನ ಅಕ್ಷರ ಎರಡೇ ತಿಂಗಳಿಗೆ ಮಾಯ! ಗೊತ್ತಾದಮೇಲೆ ಕೆಳಗೆ ಪೆನ್ನಿನಲ್ಲೂ ಬರೆದಿಡತೊಡಗಿದೆ.

ಜ್ವರ ಬಂದು ಮನೆಯಲ್ಲಿ ಮಲಗಿದ್ದ ಒಂದು ದಿನ ಓಣಿಗೆ ಹೊಸ ತಲಾಟಿ, ಅಂದರೆ ಗ್ರಾಮ ಲೆಕ್ಕಿಗರು, ಬಂದರು. ಭತ್ಯೆ ಪಡೆಯುವವರಿಗೆ ನಿಜವಾಗಿ ನೌಕರಿ ಇಲ್ಲವೇ ಎಂದು ನೆರೆಯವರನ್ನು ಕೇಳಿ ಪಂಚನಾಮೆ ಬರೆಯುವುದು ಅವರ ಕೆಲಸ. ಇಸ್ತ್ರಿ ಅಂಗಿ, ಬಗಲಲ್ಲಿ ಫೈಲು. ಮೊದಲು ಹೋದದ್ದು ಕಾಕುವಿನ ಮನೆಗೆ. ನಡುವೆ ಒಂದೇ ಗೋಡೆ, ನನಗೆಲ್ಲ ಕೇಳಿಸುತ್ತಿತ್ತು.

“ಬಾಜೂಮನಿ ಹುಡುಗಿ ಏನ್ ಮಾಡ್ತಾಳ್ರಿ?”

ನಮ್ಮ ಕಡೆ ಗುರುತಿಲ್ಲದ ಗಂಡಸು ಬಂದು ನೆರೆಮನೆಯ ಹುಡುಗಿಯ ಬಗ್ಗೆ ಕೇಳಿದರೆ ಅರ್ಥ ಒಂದೇ, ಗಂಡಿನ ಕಡೆಯವರು ವಿಚಾರಣೆಗೆ ಬಂದಿದ್ದಾರೆ. ಆಗ ಹುಡುಗಿಯನ್ನು ಹೊಗಳುವುದು ನೆರೆಯವರ ಧರ್ಮ. ಕಾಕು ಧರ್ಮ ಬಿಡಲಿಲ್ಲ.

“ಬಂಗಾರದಂಥ ಹುಡುಗಿ ರೀ! ಹುಕ್ಕೇರ್ಯಾಗ ದೊಡ್ಡ ನೌಕರಿ. ಒಂದನೇ ತಾರೀಖಿಗೆ ಪಗಾರ. ಮ್ಯಾಲ ರೊಟ್ಟಿನೂ ಛಲೋ ಬಡೀತಾಳ.”

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಸರಕಾರ ಕೊಟ್ಟರೂ ಕಾಕು ಬಿಡುವಂತಿರಲಿಲ್ಲ. ತಲಾಟಿ ಅಷ್ಟನ್ನೂ ಬರೆದುಕೊಂಡರು, ರೊಟ್ಟಿ ಬರೆದರೋ ಇಲ್ಲವೋ ತಿಳಿಯದು.

ಆಮೇಲೆ ನಮ್ಮ ಬಾಗಿಲಿಗೆ ಬಂದರು. ಬೀಗರನ್ನು ಕರೆತಂದ ಖುಷಿಯಲ್ಲಿ ಕಾಕುವೂ ಹಿಂದೆಯೇ ಬಂದಳು.

“ತಂಗಿ, ನಿಂಗ ನೌಕರಿ ಐತಂತಲ್ಲ. ಭತ್ಯೆ ಬಂದ್ ಆಗತೈತಿ ನೋಡವಾ,” ಎಂದರು ತಲಾಟಿ.

ನನಗೆ ಸಿಟ್ಟು ಬಂತು. ನೋಟಬುಕ್ ತಂದು ಅವರ ಮುಂದೆ ಬಡಿದಿಟ್ಟೆ. “ಓದ್ರಿ ಸಾಹೇಬ್ರ, ಎಲ್ಲಾರಿಗೂ ಕೇಳೂ ಹಂಗ ಓದ್ರಿ!”

ಅವರು ಓದಿದರು. ಹುಕ್ಕೇರಿ: ಜಾಗ ಖಾಲಿ ಇಲ್ಲ. ಕೊಣ್ಣೂರ: ಅನುಭವ ಇಲ್ಲ. ಅಂಕಲಗಿ: ಮುಂದಿನ ವರ್ಷ ಬಾ. ಗೋಕಾಕ: ಹೆಡ್‌ಮಾಸ್ತರು ಊಟಕ್ಕೆ ಹೋಗಿದ್ದರು, ಮೂರು ತಾಸು ಕಾದೆ, ಊಟ ಮುಗಿಯಲಿಲ್ಲ. ಹುಕ್ಕೇರಿ, ಮತ್ತೆ: ಮದುವೆಯಾದರೆ ಬಿಟ್ಟು ಹೋಗುತ್ತೀ, ಬೇಡ.

ಮೂಲೆಯಲ್ಲಿ ಹೊಲಿಯುತ್ತ ಕೂತಿದ್ದ ಅವ್ವನ ಯಂತ್ರ ನಿಂತಿತು. ನಾನು ಎಲ್ಲೋ ಲೈಬ್ರರಿಯಲ್ಲಿ ನೆರಳಿಗೆ ಕೂತು ಬರುತ್ತೇನೆಂದೇ ಆಕೆ ತಿಳಿದಿದ್ದಳು. ಹೀಗೆ ಬಾಗಿಲು ಬಾಗಿಲು ಅಲೆದದ್ದನ್ನು ನಾನು ಹೇಳಿರಲಿಲ್ಲ.

ತಲಾಟಿ ತಲೆ ಕೆರೆದುಕೊಂಡರು. “ಇದು ಖರೆ ಅನಸತೈತಿ. ಆದ್ರ ಈ ಅಕ್ಕಾರು ನೌಕರಿ ಐತಿ ಅಂದಾರ. ಅವ್ರ ಅದನ್ನ ತಿದ್ದಿ ಸಹಿ ಮಾಡ್ಬೇಕು.”

“ನಾ ಯಾಕ ತಿದ್ಲಿ? ಇವರವ್ವನ ಹೇಳ್ಯಾಳ!” ಎಂದಳು ಕಾಕು.

ಎಲ್ಲರೂ ಅವ್ವನ ಕಡೆ ತಿರುಗಿದರು. ಹೌದೆಂದರೆ ಭತ್ಯೆ ಹೋಯಿತು, ಇಲ್ಲವೆಂದರೆ ಓಣಿಯಲ್ಲಿ ಆಕೆಯ ಮಾನ ಹೋಯಿತು. ಅವ್ವ ಎದ್ದು ಬಂದಳು.

“ನಾ ಸುಳ್ಳ ಹೇಳಿದ್ನಿ. ನನ್ನ ಮಗಳಿಗೆ ನೌಕರಿ ಇಲ್ಲ.”

ನನಗೆ ಅಳು ತಡೆಯಲಾಗಲಿಲ್ಲ.

ಕಾಕು ಸಹಿ ಹಾಕಿದಳು. ಪೆನ್ನು ವಾಪಸ್ ಕೊಡುವ ಮೊದಲೇ ಮುಖ ಅರಳಿತು. “ಹಂಗಾದ್ರ ಒಂದ್ ಛಲೋ ವರಾ ಐತಿ ನೋಡ...”

ಅವ್ವ ತಲಾಟಿಯ ಕೈಯಿಂದ ನೋಟಬುಕ್ ತೆಗೆದುಕೊಂಡಳು. ಬರೆಯದೆ ಉಳಿದಿದ್ದ ಹಾಳೆಗಳನ್ನು ಹೆಬ್ಬೆರಳಿನಲ್ಲಿ ಹಿಡಿದು ಕಾಕುವಿನ ಮುಂದೆ ಚಾಚಿದಳು.

“ಇನ್ನ ಇಷ್ಟ ಹಾಳಿ ಉಳದಾವ ಯಕ್ಕಾ. ತುಂಬಿದ ಮ್ಯಾಲ ಬಾ.”